ಮನೆಯಲ್ಲಿ ಬಿಟ್ಟು ಬಂದ ನುಡಿ

ನಮ್ಮಮ್ಮನಷ್ಟು ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕನ್ನಡಿ ನೋಡಿಕೋ, ಕಾಣುತ್ತಾಳೆ ಎಂದು ಅತ್ತಿಗೆ ಹೇಳುತ್ತಿದ್ದಳು. ಅದು ಬೇರೆ ವಿಷಯ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ದೋಣಿಯಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಅವನೂ ಬರಲಿಲ್ಲ, ಅವನ ಜೊತೆ ಹೋದವರೂ ಬರಲಿಲ್ಲ. ದೋಣಿಯ ಎರಡು ಹಲಗೆ ಮತ್ತು ಡೀಸೆಲ್ ತುಂಬುವ ಒಂದು ನೀಲಿ ಡ್ರಮ್ಮು ಮಾತ್ರ ದಡಕ್ಕೆ ಬಂದವು. ಮನೆಯಲ್ಲಿ ಉಳಿದದ್ದು ನಾವು ಮೂವರು ಹೆಂಗಸರು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ದೋಣಿಗೆ ಹೊದಿಸುವ ಟಾರ್ಪಾಲಿನಿಂದ ಹಿಡಿದು ಕುಣಿತದವರ ಲಂಗದವರೆಗೆ ಎಲ್ಲವನ್ನೂ ಹೊಲಿಯುತ್ತೇನೆ. ಗಂಡನ ಮನೆಯವರಿಗೆ ನನ್ನ ನಾಲಿಗೆ ಹೊಂದಲಿಲ್ಲ, ವಾಪಸು ಬಂದೆ. ಅತ್ತಿಗೆ ಐಸ್ ಫ್ಯಾಕ್ಟರಿಯಲ್ಲಿ ಮೀನು ಪೆಟ್ಟಿಗೆಗೆ ತುಂಬುವ ಕೆಲಸ ಮಾಡುತ್ತಿದ್ದಳು. ಅಮ್ಮ ಬಾಗಿಲ ಹತ್ತಿರ ಕಾಲು ಚಾಚಿ ಕೂತು, ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಊರವರ ಹರಿದ ಬಲೆಗಳನ್ನು ಸರಿಮಾಡುತ್ತಿದ್ದಳು.

ಅಣ್ಣ ಹೋಗುವ ಮೊದಲು ಅಮ್ಮನಿಗೆ ಇನ್ನೊಂದು ಕೆಲಸವಿತ್ತು. ನಮ್ಮ ದಡದಲ್ಲಿ ಅವಳ ಹಾಡಿಗೆ ಸಮನಾದ ಹಾಡು ಇರಲಿಲ್ಲ.

ನಮ್ಮ ಜನರಲ್ಲಿ ದೋಣಿಯನ್ನು ನೀರಿಗೆ ತಳ್ಳುವಾಗ ಮನೆಯ ಹಿರಿಯ ಹೆಂಗಸು ದಡದ ಹಾಡು ಹಾಡುತ್ತಾಳೆ; ಅಂಥವಳಿಲ್ಲದ ಮನೆಯವರು ಅಮ್ಮನನ್ನು ಕರೆಯುತ್ತಿದ್ದರು. ಅದಕ್ಕೆ ಏಳು ನುಡಿಗಳು. ಮರಕ್ಕೆ, ಹಗ್ಗಕ್ಕೆ, ಬಲೆಗೆ, ಗಾಳಿಗೆ ಹೀಗೆ ಒಂದೊಂದಕ್ಕೂ ಒಂದೊಂದು. ಹೋಗುವಾಗ ಆರೇ ನುಡಿ ಹಾಡಬೇಕು. ಏಳನೆಯದಕ್ಕೆ ‘ಬಂದ ನುಡಿ’ ಎಂದು ಹೆಸರು. ದೋಣಿ ವಾಪಸು ಬಂದು ಮರಳು ಮುಟ್ಟಿದ ಮೇಲೆ, ಬಂದವನ ಕಾಲಿಗೆ ನೀರು ಹಾಕುತ್ತಾ ಅದನ್ನು ಹಾಡಿ ಮುಗಿಸಬೇಕು. ಶುರುಮಾಡಿದವಳೇ ಮುಗಿಸಬೇಕು, ಬೇರೆಯವರು ಬಾಯಿ ಹಾಕುವಂತಿಲ್ಲ. ದೋಣಿ ಬಾರದೇ ಹೋದರೆ, ಹಾಡಿದವಳು ಒಂದು ದಿನ ಬರಿ ನೀರಿನ ಮುಂದೆ ನಿಂತು ಅದೇ ನುಡಿಯನ್ನು ಹಾಡಿ, ಬಿಂದಿಗೆಯ ನೀರನ್ನು ಮರಳಿಗೆ ಸುರಿಯಬೇಕು. ಅಲ್ಲಿಗೆ ಕಾಯುವುದು ಮುಗಿಯಿತು. ಮನೆಯವರು ಅಳಬಹುದು, ಹೆಂಡತಿ ಬೇರೆ ಬದುಕು ನೋಡಿಕೊಳ್ಳಬಹುದು. ಯಾವ ದಿನ ಹಾಡಬೇಕೆಂದು ಯಾರೂ ವಾಯಿದೆ ಹಾಕಿಲ್ಲ. ಅದು ಹಾಡಿದವಳ ಎದೆಗೆ ಬಿಟ್ಟದ್ದು.

ಅಣ್ಣನ ಜೊತೆ ಹೋದವರ ಮನೆಗಳಲ್ಲಿ ಒಬ್ಬೊಬ್ಬರಾಗಿ ಹಾಡಿ ಮುಗಿಸಿದರು. ಅಮ್ಮ ಮಾತ್ರ ಬಾಯಿ ಬಿಡಲಿಲ್ಲ. ಪ್ರತಿ ಸಂಜೆ ಹಿತ್ತಾಳೆಯ ಬಿಂದಿಗೆ ತೊಳೆದು, ನೀರು ತುಂಬಿ, ಹೊಸ್ತಿಲ ಪಕ್ಕ ಇಡುತ್ತಿದ್ದಳು. ಬೆಳಿಗ್ಗೆ ಆ ನೀರನ್ನು ನುಗ್ಗೆ ಗಿಡಕ್ಕೆ ಹಾಕುತ್ತಿದ್ದಳು. ಆ ನುಗ್ಗೆಯೊಂದು ಮಾತ್ರ ಅಣ್ಣ ಹೋದ ಮೇಲೆ ಚೆನ್ನಾಗಿ ಬೆಳೆಯಿತು.

ಒಂದು ಹಾಡು ತೆರೆದಿರುವಾಗ ಇನ್ನೊಂದನ್ನು ಶುರುಮಾಡುವಂತಿಲ್ಲ. ಹಾಗಾಗಿ ಅಮ್ಮನನ್ನು ದಡಕ್ಕೆ ಕರೆಯುವವರು ಇಲ್ಲವಾದರು. ಬೇರೆ ಹೆಂಗಸರು ಹಾಡುವುದು ಗಾಳಿಯಲ್ಲಿ ಮನೆಯವರೆಗೂ ಕೇಳಿಸುತ್ತಿತ್ತು. "ಗಾಳಿಯ ನುಡಿನ ನುಂಗಿಬಿಟ್ಳು ನೋಡು," ಎಂದು ಅಮ್ಮ ಬಲೆಗೆ ಹೇಳುತ್ತಿದ್ದಳು.

ಈ ಮಧ್ಯೆ ಐಸ್ ಮಾಸ್ಟರ್ ಬಂದ. ಫ್ಯಾಕ್ಟರಿಯ ದೊಡ್ಡ ಮೆಷಿನ್ ನೋಡಿಕೊಳ್ಳುವವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಮಾತು ಕಮ್ಮಿ. ಅತ್ತಿಗೆಯ ಗಂಬೂಟು ತೂತಾಗಿದ್ದಾಗ ಕೇಳದೆಯೇ ಟಯರ್ ತುಂಡು ಅಂಟಿಸಿ ಕೊಟ್ಟಿದ್ದನಂತೆ. "ಬೂಟಿಗೆ ತೇಪೆ ಹಾಕಿದೋನಿಗೆ ಮನಸ್ಸು ಕೊಟ್ಟವಳನ್ನ ನಿನ್ನೊಬ್ಬಳನ್ನೇ ನೋಡಿದ್ದು," ಎಂದು ನಾನು ರೇಗಿಸಿದೆ. ಅತ್ತಿಗೆ ನಗಲಿಲ್ಲ. "ಅವರು ಸಮುದ್ರಕ್ಕೆ ಹೋಗೋರಲ್ಲ," ಎಂದಳು. "ಬೆಳಿಗ್ಗೆ ಹೋದ್ರೆ ಸಂಜೆ ಮನೆಗೆ ಬರ್ತಾರೆ. ನನಗೆ ಅಷ್ಟು ಸಾಕು."

ನಾನು ಪೂರ್ತಿ ಅತ್ತಿಗೆಯ ಕಡೆಯವಳಾದೆ. ಅಣ್ಣ ಸತ್ತಿದ್ದಾನೆ, ಅದು ಎಲ್ಲರಿಗೂ ಗೊತ್ತು, ಅಮ್ಮನ ಹಟಕ್ಕೆ ಬದುಕಿರುವವಳು ಯಾಕೆ ಒಣಗಬೇಕು ಎಂದು ಮೆಷಿನ್ ತುಳಿಯುತ್ತಾ ಜೋರಾಗಿಯೇ ಹೇಳುತ್ತಿದ್ದೆ. ಅಮ್ಮನಿಗೆ ಬೇಕಾದಾಗ ಕಿವಿ ಕೇಳಿಸುತ್ತಿರಲಿಲ್ಲ. ಅತ್ತಿಗೆ ಮಾತ್ರ ಅಮ್ಮನ ಕಾಲ ಬಳಿ ಕೂತು ಮೆಲ್ಲಗೆ ಕೇಳುತ್ತಿದ್ದಳು. "ಅತ್ತೆ, ಅವರು ಇನ್ನು ಬರಲ್ಲ ಅಂತ ನಿಮಗೂ ಗೊತ್ತಲ್ವಾ?" ಅಮ್ಮ ಬಲೆಯ ಗಂಟು ಬಿಗಿದು, "ದಾರ ಕೊಡು," ಎನ್ನುತ್ತಿದ್ದಳು. ಅಲ್ಲಿಗೆ ಆ ದಿನದ ಮಾತುಕತೆ ಮುಗಿಯುತ್ತಿತ್ತು.

ಹಾಡು ಮುಗಿಸದ ಮನೆಯ ಸೊಸೆಯನ್ನು ಕರೆದುಕೊಂಡು ಹೋಗಲು ಐಸ್ ಮಾಸ್ಟರ್ ತಯಾರಿದ್ದ. ಅತ್ತಿಗೆಯೇ ತಯಾರಿರಲಿಲ್ಲ. ಕದ್ದು ಹೋದ ಹಾಗೆ ಆಗುತ್ತದೆ ಎಂದಳು.

ಆಗ ಒಂದು ಕಾರ್ಯಕ್ರಮದ ಕರೆ ಬಂತು. ಕರಾವಳಿಯ ಜನಪದ ಕಲೆಗಳನ್ನೆಲ್ಲ ಪೇಟೆಯ ಸಭಾಭವನದಲ್ಲಿ ಒಂದೇ ದಿನ ತೋರಿಸುತ್ತಾರಂತೆ, ಅಮ್ಮ ದಡದ ಹಾಡು ಹಾಡಬೇಕಂತೆ, ರೆಕಾರ್ಡ್ ಕೂಡ ಮಾಡುತ್ತಾರಂತೆ. ಅಮ್ಮ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಲ್ಬೆರಳಿನಿಂದ ಬಲೆ ಬಿಡಿಸಿಕೊಂಡು, "ಶುರುಮಾಡಿರೋ ಹಾಡನ್ನೇ ಇನ್ನೊಂದು ಸಲ ಮೊದಲಿಂದ ಹಾಡಿದ್ರೆ ತಪ್ಪೇನಿಲ್ಲ," ಎಂದಳು. ಆ ಹೊತ್ತಿಗೆ ನನಗೆ ಅರ್ಥವಾಯಿತು. ಹಾಡದೇ ಇದ್ದು ಅವಳಿಗೆ ಉಸಿರು ಕಟ್ಟಿತ್ತು.

ನಾನು ಅವಳಿಗೊಂದು ಹೊಸ ರವಿಕೆ ಹೊಲಿದೆ. ಕುತ್ತಿಗೆ ಬಿಗಿಯಾಯಿತೆಂದು ಎರಡು ಸಲ ಬಿಚ್ಚಿಸಿದಳು.

ಸಭಾಭವನದ ಹಿಂದಿನ ಕೋಣೆಯಲ್ಲಿ ದಡದುದ್ದದ ಜನವೆಲ್ಲ ಒಟ್ಟಾಗಿ ಬೆವರುತ್ತಿದ್ದರು. ಹಗ್ಗ ಹೊಸೆಯುವವರು ತಮ್ಮ ಕುಣಿತಕ್ಕೆ ಕಾಲಿಗೆ ನಾರು ಸುತ್ತಿಕೊಂಡಿದ್ದರು. ಉಪ್ಪಿನ ಗದ್ದೆಯವರು ತಮಟೆ ಕಾಯಿಸಲು ಬೆಂಕಿ ಕೇಳಿದರೆ ಒಳಗೆ ಬೆಂಕಿ ಹಚ್ಚುವಂತಿಲ್ಲ ಎಂದರಂತೆ. ಪಾಪ, ಅವರು ಬಲ್ಬಿನ ಹತ್ತಿರ ತಮಟೆ ಹಿಡಿದು ನಿಂತಿದ್ದರು. ಎಲ್ಲರಿಗೂ ಮೇಲೊಂದು ಮಿರಿಮಿರಿ ಮಿಂಚುವ ಶಾಲು ಕೊಟ್ಟಿದ್ದರು. ಹೊಲಿಗೆಯವಳಾಗಿ ಹೇಳುತ್ತೇನೆ, ಅದರ ಅಂಚು ಕೂಡ ಮಡಿಚಿರಲಿಲ್ಲ.

ಅಮ್ಮನನ್ನು ವೇದಿಕೆಗೆ ಹತ್ತಿಸಿ ನಾನು ಕೆಳಗೆ ಅತ್ತಿಗೆಯ ಪಕ್ಕ ಬಂದು ಕೂತೆ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಿರೂಪಣೆಯ ಹುಡುಗಿ ಮೈಕಿನ ಮುಂದೆ ಬಂದು ಬಹಳ ಪ್ರೀತಿಯಿಂದಲೇ ಹೇಳಿದಳು: "ಈ ಅಮ್ಮನ ಬಗ್ಗೆ ನಮಗೆ ತಿಳಿಸಿದ್ದು ಅವರ ಸೊಸೆ. ಸಾಮಾನ್ಯವಾಗಿ ಆರು ನುಡಿ ಹಾಡಿ ನಿಲ್ಲಿಸುತ್ತಾರಂತೆ. ಇವತ್ತು ಏಳನೆಯ ನುಡಿಯನ್ನೂ ಹಾಡಿಸಲೇಬೇಕು ಎಂದು ಸೊಸೆಯೇ ವಿಶೇಷವಾಗಿ ಕೇಳಿಕೊಂಡಿದ್ದಾರೆ."

ಜನ ಚಪ್ಪಾಳೆ ತಟ್ಟಿದರು. ನಾನು ಅತ್ತಿಗೆಯ ಕಡೆ ತಿರುಗಿದೆ.

"ಆ ನುಡಿ ಬಾಯಿಂದ ಬಂದ್ರೆ ಹಾಡು ಮುಗಿದ ಹಾಗೆ," ಎಂದಳು ಪಿಸುದನಿಯಲ್ಲಿ, ನನ್ನ ಮುಖ ನೋಡದೆ. "ಎಲ್ಲಿ ನಿಂತು ಹಾಡಿದ್ರು ಅಂತ ಯಾರು ಕೇಳ್ತಾರೆ? ಇಷ್ಟು ಜನರ ಮುಂದೆ ಅರ್ಧಕ್ಕೆ ನಿಲ್ಲಿಸೋಕೆ ಆಗಲ್ಲ ಅಂದ್ಕೊಂಡೆ."

ವೇದಿಕೆಯ ಮೇಲಿಂದ ಅಮ್ಮ ನಮ್ಮನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ದೂರದಿಂದ ಬರುವ ದೋಣಿ ಯಾರದೆಂದು ಗುರುತು ಹಿಡಿಯುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆಮೇಲೆ ಶಾಲನ್ನು ತೆಗೆದು ಪಕ್ಕಕ್ಕಿಟ್ಟು ಹಾಡಿದಳು.

ಅಮ್ಮನ ಹಾಡು ಇಂಪಾದದ್ದೆಂದು ನಾನು ಹೇಳುವುದಿಲ್ಲ. ಗಾಳಿಯನ್ನು ದಾಟಿ ಹೋಗಬೇಕಾದ ದನಿ ಅದು, ನಾಲ್ಕು ಗೋಡೆಯೊಳಗೆ ಕಿವಿಗೆ ಬಡಿಯುತ್ತದೆ. ಆದರೆ ಮರದ ನುಡಿ ಮುಗಿಯುವಷ್ಟರಲ್ಲಿ ಇಡೀ ಸಭೆ ಗಪ್‌ಚಿಪ್ ಆಗಿತ್ತು. ನಾಲ್ಕು ವರ್ಷದ ಹಿಂದೆ ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು, "ಬೇಗ ಮುಗಿಸಮ್ಮ, ನೀರಿನ ಇಳಿತ ತಪ್ಪಿಹೋಗುತ್ತೆ," ಎಂದು ನಗುತ್ತಾ ಕೂಗಿದ್ದು ನನಗೆ ಹಾಗೇ ಕೇಳಿಸಿತು. ಆರನೆಯ ನುಡಿ ಮುಗಿಯಿತು. ಅಮ್ಮ ನಿಲ್ಲಿಸಿದಳು. ಚಪ್ಪಾಳೆ ಬಿತ್ತು.

"ಅಮ್ಮಾ, ಇನ್ನೊಂದು ನುಡಿ ಬಾಕಿ ಇದೆಯಂತಲ್ಲ," ಎಂದು ಹುಡುಗಿ ಮೈಕನ್ನು ಅಮ್ಮನ ಬಾಯಿಯ ಹತ್ತಿರ ತಂದಳು.

"ಅದನ್ನ ಮನೇಲಿ ಬಿಟ್ಟು ಬಂದಿದೀನಿ," ಎಂದಳು ಅಮ್ಮ.

ಸಭೆ ಗೊಳ್ಳೆಂದು ನಕ್ಕಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಸಾಲಿನವರು ಅವಳೂ ನಗುತ್ತಿದ್ದಾಳೆಂದು ತಿಳಿದಿರಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ, ಅತ್ತಿಗೆ ನಡುವೆ, ನಾನು ಈಚೆ ಬದಿಗೆ. ಉಪ್ಪಿನ ಗದ್ದೆಗಳನ್ನು ದಾಟಿದ ಮೇಲೆ ಅಮ್ಮನೇ ಬಾಯಿಬಿಟ್ಟಳು.

"ಅದಕ್ಕೋಸ್ಕರ ಇಷ್ಟು ದೂರ ಕರ್ಕೊಂಡು ಬರ್ಬೇಕಿತ್ತಾ? ಮನೇಲೇ ಕೇಳ್ಬಹುದಿತ್ತಲ್ಲ."

"ಕೇಳಿದೀನಿ ಅತ್ತೆ. ಎಷ್ಟು ಸಲ ಕೇಳಿದೀನಿ."

"ಅವನು ಸತ್ತ ಅಂತ ಒಪ್ಕೋ ಅಂತ ಕೇಳಿದೀಯ. ಅದನ್ನ ನಾನು ಸಾಯೋವರೆಗೂ ಒಪ್ಪಲ್ಲ. ನನಗೆ ಹೋಗ್ಬೇಕು ಅಂತ ಒಂದು ಸಲನಾದ್ರೂ ಕೇಳಿದೀಯಾ?"

ಬಸ್ಸು ಒಂದು ತಿರುವಿನಲ್ಲಿ ಎಲ್ಲರನ್ನೂ ಒಂದೇ ಕಡೆಗೆ ವಾಲಿಸಿತು. ಅತ್ತಿಗೆಯ ಭುಜ ಅಮ್ಮನ ಭುಜಕ್ಕೆ ಒತ್ತಿತು. ತಿರುವು ಮುಗಿದ ಮೇಲೂ ಅವಳು ಸರಿದುಕೊಳ್ಳಲಿಲ್ಲ.

"ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂತ ಯಾವ ಬಾಯಲ್ಲಿ ಕೇಳಲಿ?" ಎಂದಳು.

"ಇರೋದು ಒಂದೇ ಬಾಯಿ ತಾನೆ."

ಆಮೇಲೆ ಅತ್ತಿಗೆ, "ನನಗೆ ಹೋಗ್ಬೇಕು ಅತ್ತೆ," ಎಂದಳು. ಎಷ್ಟು ಸಣ್ಣಗೆ ಹೇಳಿದಳೆಂದರೆ ಪಕ್ಕದಲ್ಲಿ ಕೂತ ನನಗೇ ಸರಿಯಾಗಿ ಕೇಳಲಿಲ್ಲ. ಅಮ್ಮನಿಗೆ ಕೇಳಿಸಿತು. ಅವಳು ಹೂಂ ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಸ್ನಾನ ಮುಗಿಸಿ ಹೊಸ ರವಿಕೆ ಹಾಕಿಕೊಂಡಿದ್ದಳು. ಹೊಸ್ತಿಲ ಪಕ್ಕದ ಬಿಂದಿಗೆಯ ನೀರನ್ನು ಗಿಡಕ್ಕೆ ಹಾಕಿರಲಿಲ್ಲ. ಬಿಂದಿಗೆಯನ್ನು ಸೊಂಟಕ್ಕೇರಿಸಿ, "ಇಬ್ಬರೂ ನಡೀರಿ," ಎಂದಳು. ಅತ್ತಿಗೆ ಕೆಲಸಕ್ಕೆ ಹೊರಟು ಗಂಬೂಟು ಹಾಕಿಕೊಳ್ಳುತ್ತಿದ್ದವಳು ಹಾಗೇ ಅದರಲ್ಲೇ ಬಂದಳು.

ದಡದಲ್ಲಿ ಹಗ್ಗ ಎಳೆಯುತ್ತಿದ್ದ ಗಂಡಸರು ಅಮ್ಮನ ಸೊಂಟದ ಬಿಂದಿಗೆ ನೋಡಿ ಕೈ ನಿಲ್ಲಿಸಿದರು. ಮೀನು ಆರಿಸುತ್ತಿದ್ದ ಹೆಂಗಸರು ಎದ್ದು ನಿಂತರು. ನಮ್ಮ ಜನಕ್ಕೆ ಅದನ್ನು ವಿವರಿಸಬೇಕಾಗಿಲ್ಲ. ಅಮ್ಮ ಅಣ್ಣನ ದೋಣಿ ಮರಳು ಮುಟ್ಟುತ್ತಿದ್ದ ಜಾಗಕ್ಕೇ ಹೋಗಿ ನಿಂತಳು, ಬಿಂದಿಗೆ ಇಳಿಸಿದಳು, ಗಂಟಲು ಸರಿಮಾಡಿಕೊಂಡಳು.

ಇಷ್ಟು ದಿನ ಬಾಯಿ ಬಡಿದುಕೊಂಡವಳು ನಾನು. ಹಾಡಿ ಮುಗಿಸು, ಅವನು ಸತ್ತಿದ್ದಾನೆ ಎಂದು ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನು. ಅಮ್ಮ ಉಸಿರು ಎಳೆದುಕೊಂಡಾಗ ನನಗೆ ಓಡಿಹೋಗಿ ಅವಳ ಬಾಯಿ ಮುಚ್ಚಬೇಕೆನಿಸಿತು. ಬೇಡಮ್ಮ, ಇನ್ನೊಂದು ಸಂಜೆ ನೋಡೋಣ, ಎಂದು ಗಂಟಲವರೆಗೆ ಬಂತು. ಕಾಲು ಎರಡು ಹೆಜ್ಜೆ ಇಟ್ಟೂಬಿಟ್ಟಿತು. ಅಷ್ಟರಲ್ಲಿ ಅವಳು ಶುರುಮಾಡಿದ್ದಳು.

ಬಂದೆಯಾ ಬಾ, ದಡ ಮುಟ್ಟಿದೆಯಾ ಬಾ,
ಹಗ್ಗ ಬಿಚ್ಚಿಡು, ಹೆಗಲ ಭಾರ ಇಳಿಸು,
ಕಾಲಿಗೆ ನೀರಿದೆ, ಕಣ್ಣಿಗೆ ನೆರಳಿದೆ,
ಕರೆದು ಕರೆದು ದಣಿದಿದ್ದೆ, ಇನ್ನು ಕರೆಯುವುದಿಲ್ಲ.

ದೋಣಿ ಬಂದಾಗ ಇದನ್ನು ನಗುನಗುತ್ತಾ ಹಾಡುತ್ತಾರೆ. ಅಮ್ಮನೂ ಹಾಗೇ ಹಾಡಿದಳು, ಅದೇ ಧಾಟಿಯಲ್ಲಿ, ಒಂದು ಕಡೆಯೂ ದನಿ ಒಡೆಯದಂತೆ. ನೀರು ಬಂದು ಅವಳ ಪಾದ ಮುಟ್ಟಿ ವಾಪಸು ಹೋಯಿತು. ನನ್ನ ಅಣ್ಣ ಸತ್ತದ್ದು ನನ್ನ ಲೆಕ್ಕಕ್ಕೆ ಆವತ್ತು, ಆ ನುಡಿಯ ಕೊನೆಯ ಸಾಲಿನಲ್ಲಿ. ನಾನು ಮರಳಿನಲ್ಲಿ ಕೂತು ಮಗುವಿನ ಹಾಗೆ ಅತ್ತೆ.

ಆಮೇಲೆ ನೀರನ್ನು ಮರಳಿಗೆ ಸುರಿಯಬೇಕು. ಅಮ್ಮ ಬಿಂದಿಗೆ ಎತ್ತಿ ಹಿಂದಕ್ಕೆ ತಿರುಗಿದಳು.

"ಬೂಟು ಬಿಚ್ಚು," ಎಂದಳು ಅತ್ತಿಗೆಗೆ.

ಅತ್ತಿಗೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬಗ್ಗಿ ಒಂದೊಂದೇ ಬೂಟು ಕಿತ್ತಳು. ಹಗಲೆಲ್ಲ ಐಸಿನ ನೀರಲ್ಲಿ ನಿಂತು ಅವಳ ಪಾದಗಳು ಬಿಳಿಚಿಕೊಂಡು, ಹಿಮ್ಮಡಿ ಒಡೆದಿದ್ದವು. ಅಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ಬಿಂದಿಗೆಯ ನೀರನ್ನು ಪೂರ್ತಿ ಆ ಕಾಲುಗಳಿಗೆ ಹಾಕಿದಳು. ಬೆರಳ ಸಂದಿಯ ಮರಳನ್ನು ಕೈಯಿಂದ ಉಜ್ಜಿ ತೆಗೆದಳು.

"ನೀನೊಬ್ಬಳಾದ್ರೂ ದಡ ಸೇರು," ಎಂದಳು. "ಫ್ಯಾಕ್ಟರಿಗೆ ಹೊತ್ತಾಯ್ತು, ಹೊರಡು."

ಅತ್ತಿಗೆಯ ಮದುವೆಯ ರವಿಕೆಯನ್ನು ನಾನೇ ಹೊಲಿದೆ. ಕಾಜಾ ಗುಂಡಿ ಅಮ್ಮನೇ ಹಾಕಿದಳು. ಐಸ್ ಮಾಸ್ಟರ್ ಒಳ್ಳೆಯವನು. ಭಾನುವಾರ ಅವಳನ್ನು ಕರೆದುಕೊಂಡು ಬರುತ್ತಾನೆ, ಮಾತಿಲ್ಲದೆ ನನ್ನ ಮೆಷಿನ್ನಿಗೆ ಎಣ್ಣೆ ಬಿಟ್ಟು ಕೊಡುತ್ತಾನೆ. ಈಗ ಅಮ್ಮ ಯಾವ ಹಾಡನ್ನು ಬೇಕಾದರೂ ಶುರುಮಾಡಬಹುದು. ದಡದವರು ಬಂದು ಕರೆದರು, ಕಾರ್ಯಕ್ರಮದವರೂ ಕರೆದರು. ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದಳು. ಹೊರಡುವವರು ನಮ್ಮ ಮನೆಯಲ್ಲಿ ಇನ್ನು ಯಾರಿದ್ದಾರೆ?

ಬಿಂದಿಗೆ ಅಡುಗೆಮನೆಯ ಮೂಲೆಯಲ್ಲಿ ಬೋರಲು ಬಿದ್ದಿದೆ. ನುಗ್ಗೆ ಗಿಡಕ್ಕೆ ನಾನು ನೆನಪಾದಾಗ ನೀರು ಹಾಕುತ್ತೇನೆ. ಸಂಜೆ ಹೊಸ್ತಿಲ ಹತ್ತಿರ ಹೆಜ್ಜೆ ಸದ್ದಾದರೆ ಅಮ್ಮ ಬಲೆಯಿಂದ ತಲೆ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಅಳತೆ ಕೊಡಲು ಬಂದವರು ಯಾರಾದರೂ ಇರುತ್ತಾರೆ.