ಬಿಳಿ ಡಬ್ಬಗಳ ವಾಪಸಾತಿ

“ರಟ್ಟು ಮಾತ್ರ ಹೆಕ್ಕೊಂಡು ಥರ್ಮಾಕೋಲ್ ಇಲ್ಲೇ ಬಿಟ್ಟು ಹೋಗೋಕೆ ಇದೇನು ನಿಮ್ಮಪ್ಪನ ಮನೆಯೇನೇ? ಬಿಳಿ ಡಬ್ಬಾನೂ ಎತ್ತು. ಇಲ್ಲಾ, ಕಸದ ಕೋಣೆ ಕೀಲಿ ಇಟ್ಟು ಹೊರಡು.”

ಅಪಾರ್ಟ್‌ಮೆಂಟಿನ ಮೇಲ್ವಿಚಾರಕ ಬಸಾಂತೆ ಮೂಗು ಮುಚ್ಚಿಕೊಂಡೇ ಬೈಯುತ್ತಿದ್ದ. ರಟ್ಟು ಆಯ್ದು ಗುಜರಿಗೆ ಮಾರುವ ಎದೆಲ್ಮಿರಾ ಕೊರಳ ದಾರದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು. ಹನ್ನೊಂದು ವರ್ಷದಿಂದ ಆ ಕೀಲಿಯೇ ಅವಳ ಅನ್ನ. ಮನಿಸಾಲೆಸ್ ಊರಲ್ಲಿ ಇಂಥ ಕೀಲಿ ಕೈಬಿಟ್ಟರೆ ಮರುಗಳಿಗೆಗೆ ಇನ್ನೊಬ್ಬಳ ಕೊರಳಲ್ಲಿರುತ್ತದೆ.

“ಸ್ವಾಮಿ, ಇದ್ನ ಯಾವ ಗುಜರಿಯೋನೂ ಮುಟ್ಟಾಕಿಲ್ಲ. ಗಾಡಿ ತುಂಬಾ ಗಾಳಿ ಹೇರ್ಕಂಡೋದಂಗಾಯ್ತದೆ.”

“ಭಾರ ಇರಲ್ಲ ತಾನೆ? ಹೊರು.”

ಹೊತ್ತಳು. ಔಷಧಿ ಮನೆಬಾಗಿಲಿಗೆ ಬರಲು ಶುರುವಾದಾಗಿನಿಂದ ಇದೇ ಪಾಡು. ಹೆಬ್ಬೆರಳಿನಷ್ಟು ಇನ್ಸುಲಿನ್ ಸೀಸೆಗೆ ತೊಟ್ಟಿಲಿನಷ್ಟು ಡಬ್ಬ, ಅದರೊಳಗೆ ನಾಲ್ಕು ಐಸ್ ಚೀಲ. ಎಲ್ಲವೂ ಕೊನೆಗೆ ಬಂದು ಬೀಳುತ್ತಿದ್ದುದು ಇಳಿಜಾರಿನ ಕೆಳಗೆ, ಎದೆಲ್ಮಿರಾಳ ಕೇರಿಯ ಹಳ್ಳದಲ್ಲಿ. ಕಳೆದ ವಾರದ ಮಳೆಗೆ ಹಳ್ಳ ಕಟ್ಟಿಕೊಂಡು ನೀರು ಅವಳ ಒಲೆಗೇ ನುಗ್ಗಿತ್ತು. ಪಕ್ಕದ ಮನೆಯ ನಿದಿಯಾಳ ಬಾತುಕೋಳಿ ಮಾತ್ರ ಒಂದು ಡಬ್ಬದಲ್ಲಿ ಮೊಟ್ಟೆಯಿಟ್ಟು ಮಹಾರಾಣಿಯಂತೆ ತೇಲುತ್ತಿತ್ತು.

“ಬಾತುಕೋಳಿಗ್ ಬಂಗ್ಲೆ, ನಮಗ್ ಜಲಸಮಾಧಿ,” ಎಂದಳು ನಿದಿಯಾ. ಅವಳಿಗೆ ಓದು ಬರುತ್ತಿತ್ತು. ಡಬ್ಬವೊಂದನ್ನು ತಿರುಗಿಸಿ ನೋಡಿದಳು. “ಅಕ್ಕಾ, ಇಲ್ ಬರ್ದವ್ರೆ. ಪಡೆಯೋರು ಇಲ್ದಿದ್ರೆ ಕಳ್ಸಿದೋರ್ಗೇ ವಾಪಸ್ ಮಾಡ್ಬೇಕಂತೆ.”

“ಯಾರ್ಗಾರಾ ಬೇಕೇನ್ರೇ ಈ ಡಬ್ಬ?” ಎಂದು ಎದೆಲ್ಮಿರಾ ಕೇರಿಗೆಲ್ಲ ಕೇಳುವಂತೆ ಕೂಗಿದಳು. ಯಾರಿಗೂ ಬೇಡವಾಗಿತ್ತು. “ಹಂಗಾರೆ ವಾಪಸ್ ಮಾಡುವಾ.”

ಮರುದಿನ ಬೆಳಿಗ್ಗೆ ಡಬ್ಬ ಹೇರಿದ ಕೇರಿಯ ಒಂಬತ್ತು ತಳ್ಳುಗಾಡಿಗಳು ಏರು ಹತ್ತಿ ಔಷಧಿ ಕಂಪನಿಯ ಗಾಜಿನ ಬಾಗಿಲ ಮುಂದೆ ನಿಂತವು. ಮ್ಯಾನೇಜರ್ ಉರ್ದಾನೆತಾ ಟೈ ಸರಿಮಾಡಿಕೊಳ್ಳುತ್ತ ಓಡಿಬಂದ. ಟೈ ಕಟ್ಟಿದವರೆಲ್ಲ ಎದೆಲ್ಮಿರಾಳ ಬಾಯಲ್ಲಿ ಡಾಕ್ಟರೇ.

“ಡಾಕ್ಟ್ರೇ, ನಿಮ್ ಸಾಮಾನು. ಡಬ್ಬಕ್ಕೊಂದ್ ಸಹಿ, ಗುರ್ತಿನ್ ಚೀಟಿ ನಂಬರ್ರು. ಮದ್ದು ಕೊಡೋವಾಗ ಹಾಸ್ಗೆ ಹಿಡ್ದ್ ಮುದುಕ್ರತ್ರ ನಿಮ್ಮೋರ್ ಹಾಕುಸ್ಕಳಂಗೆ.”

“ತಲೆ ಕೆಟ್ಟಿದೆಯೇನೇ? ಮಾರಿದ ಮೇಲೆ ಡಬ್ಬ ನಮ್ಮದಲ್ಲ. ಮೇಲೆ ಹಸಿರೆಲೆ ಚಿತ್ರ ಕಾಣಲ್ವಾ? ಪರಿಸರಸ್ನೇಹಿ!”

“ಎಲೆ ಆದ್ರೆ ದನ ತಿನ್ಬೇಕಿತ್ತಲ್ಲ ಡಾಕ್ಟ್ರೇ. ನೀವೇ ಒಂದ್ ತುಂಡ್ ಬಾಯಿಗಾಕ್ಕಳಿ, ನೋಡುವಾ.”

ಬೈಕ್ ಏರಿ ಹೊರಡಲಿದ್ದ ನಾಲ್ವರು ಸವಾರರು ಕಿಸಕ್ಕನೆ ನಕ್ಕರು. ನಾಲ್ವರ ಹಿಂದೆಯೂ ಒಂದೊಂದು ಬಿಳಿ ಡಬ್ಬ. ವಿಚಾರಿಸಿದರೆ ನಾಲ್ಕೂ ಹೋಗಬೇಕಾದ್ದು ಬಸಾಂತೆಯ ಅಪಾರ್ಟ್‌ಮೆಂಟಿಗೇ.

“ಒಂದೇ ಕಟ್ಟಡಕ್ ನಾಲ್ಕ್ ಬೈಕಾ! ಮುನ್ನೂರೆರಡ್ನೇ ಮನೇರ್ಗೆ ಸಕ್ರೆ ಕಾಯ್ಲೆ, ಐನೂರ್ನಾಲ್ಕರ ಅಮ್ಮಂಗೆ ಮಂಡಿಗ್ ಚುಚ್ಚೋ ಮದ್ದು...” ಎಂದು ಎದೆಲ್ಮಿರಾ ಎಣಿಸತೊಡಗಿದಳು.

“ಅದು ರೋಗಿಗಳ ಗುಟ್ಟು! ನಿನಗೆ ಹೇಗೆ ಗೊತ್ತು?”

“ಮುಚ್ಚಿ ಕಳ್ಸೋರ್ ನೀವು, ಬಿಚ್ಚಿ ಎಸೆಯೋರ್ ಅವ್ರು, ಎತ್ತೋಳ್ ನಾನಲ್ವಾ? ಸೂಜಿ ಚುಚ್ಚಿಸ್ಕಂಡ್ ಕಲ್ತಿದ್ದೀನಿ.” ಅವಳು ಅಂಗೈ ಚಾಚಿದಳು. ಅದರ ತುಂಬ ಸೂಜಿ ಚುಚ್ಚಿದ ಕಲೆಗಳಿದ್ದವು.

ಸವಾರರಲ್ಲಿ ಹಿರಿಯನಾದ ಫರ್ನೆಯ್ ಬೈಕಿನಿಂದಿಳಿದ. ನಾಲ್ಕು ಮನೆಯ ಔಷಧಿಯನ್ನೂ ತನ್ನ ಡಬ್ಬಕ್ಕೇ ತುಂಬಿದ. ಇನ್ನೂ ಜಾಗ ಉಳಿಯಿತು. ಅವನೊಬ್ಬನೇ ಹೊರಟ. ಮಿಕ್ಕ ಮೂವರು ತಮ್ಮ ಖಾಲಿ ಡಬ್ಬಗಳನ್ನೂ ಗಾಜಿನ ಬಾಗಿಲಿಗೆ ಒಟ್ಟಿದರು.

“ನಿಮ್ಮ ಕೆಲಸ ಹೋಯ್ತು!” ಎಂದು ಉರ್ದಾನೆತಾ ಅರಚಿದ. ಆಮೇಲೆ ಆ ಅಪಾರ್ಟ್‌ಮೆಂಟಿಗೆ ಫೋನು ಮಾಡಿ, ಅದನ್ನು ಕಿವಿಗಿಟ್ಟುಕೊಂಡೇ ಎದೆಲ್ಮಿರಾಳ ಕಡೆ ತಿರುಗಿದ. “ನಿನ್ನದೂ ಅಷ್ಟೇ. ಬಸಾಂತೆ ಮಾತಾಡ್ತಿದ್ದಾರೆ. ಕೀಲಿ ಈಗಲೇ ನನ್ನ ಕೈಗೆ ಕೊಡಬೇಕಂತೆ.”

ಎದೆಲ್ಮಿರಾ ಕೊರಳ ಕೀಲಿಗೆ ಕೈಹಾಕಿದಳು. ಗಾಡಿ ಹಿಡಿದಿದ್ದ ಎಂಟು ಜನರೂ ಅವಳನ್ನೇ ನೋಡಿದರು. ಅವಳು ಕೀಲಿಯನ್ನು ಕುಪ್ಪಸದೊಳಕ್ಕೆ ಇಳಿಬಿಟ್ಟು, ಡಬ್ಬವೊಂದನ್ನು ಬಾಗಿಲಿಗಡ್ಡವಾಗಿ ಬೋರಲು ಹಾಕಿ ಅದರ ಮೇಲೆ ಕುಳಿತಳು.

“ಕೀಲಿ ಬೇಕಂದ್ರೆ ಆ ಬೋಳಿಮಗ್ನೇ ಬರ್ಲಿ ಡಾಕ್ಟ್ರೇ. ಬರೋವಾಗ ಈ ವಾರದ್ ಡಬ್ಬಾನೆಲ್ಲಾ ತಲೆ ಮ್ಯಾಲ್ ಹೊತ್ಕಂಡ್ ಬರಾಕೇಳಿ.”