ಗೊಂಬೆಯ ಉಸಿರು

ಹುಟ್ಟುಗುಣ ಸುಟ್ಟ ಮೇಲೆ ಹೋಗುತ್ತದೋ ಏನೋ, ಸುಡುವ ಮುಂಚೆಯಂತೂ ಹೋಗದು. ಗಾದೆಗೆ ಅಪಚಾರವಾಗಿದ್ದರೆ ಕ್ಷಮೆಯಿರಲಿ. ಕತೆ ಮಾತ್ರ ನಡೆದದ್ದೇ.

ಧಾರಿಣಿ ವಿಮಲಾ ಆಂಟಿಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದಾಗ ಹಳ್ಳಿಯ ಹೆಂಗಸರು ಟೆಂಪೊದಿಂದ ಇಳಿದರು. ದಿಲ್ಲಿ ಬಳಿಯ ಮಾನೇಸರ್‌ನ ಬಾಡಿಗೆ ಮನೆಯ ಹಜಾರ ತುಂಬಿತು. ಹನ್ನೊಂದು ವರ್ಷ ಅವರ ಮಹಿಳಾ ಸಂಘ ನಡೆಸಿದವರು ಆಂಟಿ. ಹೆಂಗಸರು ಹೂವಿನ ಬದಲು ಸಂಘದ ಬಟ್ಟೆಗೊಂಬೆ ತಂದಿದ್ದರು. ಅದನ್ನು ಹೆಣದ ಪಕ್ಕದಲ್ಲೇ ಮಲಗಿಸಿದರು.

"ಕೊನೇವರೆಗೂ ತನ್ನ ಉಸಿರು ತಾನೇ ಎಣಿಸ್ತಿದ್ಲಮ್ಮ," ಎಂದರು ಗಂಡ ದತ್ತಾತ್ರೇಯ. "ಮೂವತ್ತೆಂಟು ಅಂದ್ಲು. ಅಷ್ಟೇ."

ಫೂಲವತಿ ಏಳು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು, ಹೆಂಗಸರೆಲ್ಲ ದೀದಿ ಎನ್ನುತ್ತಿದ್ದ ಆಂಟಿಯ ಪಾದ ಮುಟ್ಟಿಸಲು. ಮಗುವಿನ ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಆಸ್ಪತ್ರೆಗೆ ಹೋಗೋಣವೆಂದು ಧಾರಿಣಿ ಎರಡು ಸಲ ಹೇಳಿದಳು. ದೃಷ್ಟಿಯಾಗಿದೆ, ಮನೆಗೆ ಹೋಗಿ ಮೆಣಸಿನಕಾಯಿ ನಿವಾಳಿಸಿದರಾಯಿತು ಎಂದು ಮುದುಕಿ ಮಗುವಿಗೆ ಸೆರಗು ಮುಚ್ಚಿದಳು. ಸೊಸೆ ಸರೋಜ ಅತ್ತೆಯ ಮುಖ ನೋಡಿದಳು.

*

ಆ ಗೊಂಬೆ ಉಸಿರಾಡುತ್ತಿತ್ತು. ಹೊಟ್ಟೆಯೊಳಗೆ ಬಲೂನು, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ರಬ್ಬರ್ ಚೆಂಡು. ಸಂಘದ ತರಬೇತಿಯಲ್ಲಿ ಆಂಟಿಯ ಸಹಾಯಕಿ ಧಾರಿಣಿ ಪರದೆಯ ಹಿಂದೆ ಕೂತು ಚೆಂಡು ಅದುಮುವಳು. ಹೆಂಗಸರು ಏರಿಳಿತ ಎಣಿಸುವರು. ಕೂಸಿನ ಉಸಿರು ನಿಮಿಷಕ್ಕೆ ಐವತ್ತು ಮುಟ್ಟಿತೋ, ಬೇರೆ ಮಾತಿಲ್ಲ, ಆಸ್ಪತ್ರೆ.

"ಗಿನೋ," ಎಣಿಸಿ, ಎಂದು ಆಂಟಿ ತಮ್ಮ ಧಾರವಾಡದ ಹಿಂದಿಯಲ್ಲಿ ಗದರುವರು. ಚಹಾದ ಹೊತ್ತಿಗೆ ಧಾರಿಣಿ ಅದೇ ದನಿ ತೆಗೆದು ಎಲ್ಲರನ್ನೂ ಬೆಚ್ಚಿಬೀಳಿಸುವಳು. ಎಂ.ಎ. ಓದಿದ್ದು ಇದಕ್ಕೇನೇ ಎಂದು ಆಂಟಿಯೇ ನಗುವರು.

ಹೋದ ತಿಂಗಳು ಚೆಂಡು ತೂತಾಯಿತು. ಧಾರಿಣಿ ಅದನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡಳು. ಸರಿಮಾಡಿಸಿರಲಿಲ್ಲ.

*

ಧಾರಿಣಿ ಅಡುಗೆಮನೆಯ ಪರದೆಯ ಹಿಂದೆ ಸರಿದಳು. ಸತ್ತವರ ದನಿ ಕದಿಯುವುದು ಪಾಪವೇ. ಆದರೆ ಮಗು ಕಾಯುವ ಹಾಗಿರಲಿಲ್ಲ.

"ಫೂಲವತೀಜೀ, ಗಿನೋ."

ಹಜಾರದಲ್ಲಿ ಅಳು ಗಕ್ಕನೆ ನಿಂತಿತು. ಪರದೆಯ ಹಿಂದಿದ್ದವಳಿಗೆ ಎಣಿಕೆ ಮಾತ್ರ ಕೇಳಿಸಿತು. ಏಕ್, ದೋ, ತೀನ್... ಮುದುಕಿಯ ದನಿ, ನಿಧಾನಕ್ಕೆ. ಮೂವತ್ತೆಂಟಕ್ಕೆ ನಿಂತಿತು. ಮತ್ತೆ ಒಂದರಿಂದ ಶುರುವಾಯಿತು, ಈಗ ಅವಸರವಾಗಿ, ಎಲ್ಲರ ಬಾಯಲ್ಲೂ. ಅರವತ್ತೆರಡು.

ಅತ್ತ ವ್ಯಾನು ಸ್ಮಶಾನಕ್ಕೆ ಹೊರಟಿತು, ಇತ್ತ ಟೆಂಪೊ ಆಸ್ಪತ್ರೆಗೆ.

ಸಂಜೆ ಹೊತ್ತಿಗೆ ಮಗು ಆಮ್ಲಜನಕದ ನಳಿಕೆ ಹಾಕಿಕೊಂಡು ನಿದ್ದೆಹೋಗಿತ್ತು. ಇನ್ನು ಭಯವಿಲ್ಲ ಎಂದಿದ್ದರು ಡಾಕ್ಟರು. ಕಾರಿಡಾರಿನ ಬೆಂಚಿನಲ್ಲಿ ಧಾರಿಣಿ ಫೂಲವತಿಯ ಮುಂದೆ ತಪ್ಪೊಪ್ಪಿಕೊಂಡಳು: "ಅಮ್ಮಾ, ಆ ದನಿ ನನ್ನದು."

"ಗೊತ್ತು ಬೇಟಿ. ದೀದಿ ನನ್ನನ್ನು ಫೂಲಿ ಅಂತಿದ್ದಳು. ಜೀ ಅಂದವಳೇ ಅಲ್ಲ."

"ಮತ್ತೆ ಎಣಿಸಿದಿರಲ್ಲ?"

"ನೀನು ಗೊಂಬೆಗೆ ಉಸಿರಾಡಿಸಿದರೆ ಎಣಿಸದೆ ಇರೋಕಾಗುತ್ತಾ? ಎಣಿಸೋದು ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ. ಗೊಂಬೆದು ನಿಂತ ಮೇಲೆ ಮಗೂದು ಎಣಿಸಿದ್ವಿ. ಆದರೆ ನೀನು ಮೂವತ್ತೆಂಟಕ್ಕೇ ಚೆಂಡು ಅದುಮೋದು ಯಾಕೆ ನಿಲ್ಲಿಸಿದೆ, ಅದು ಹೇಳು."

ಧಾರಿಣಿ ಬ್ಯಾಗಿನಿಂದ ಚೆಂಡು ತೆಗೆದು ಅವಳ ಅಂಗೈಯಲ್ಲಿಟ್ಟಳು. ಫೂಲವತಿ ಅದುಮಿದಳು. ತೂತಿನಿಂದ ಗಾಳಿ ಬುಸ್ಸೆಂದಿತು. ಚೆಂಡನ್ನು ನೋಡಿದಳು, ಧಾರಿಣಿಯ ಬಿಳಿಚಿದ ಮುಖ ನೋಡಿದಳು.

"ಅಚ್ಛಾ," ಎಂದಳು. "ನಮ್ಮಿಬ್ಬರಿಗೂ ಟೋಪಿ ಹಾಕಿಬಿಟ್ಟಳು ದೀದಿ."

ಆಮೇಲೆ ನಕ್ಕಳು. ನರ್ಸ್ ಬಂದು ಗದರಿದರೂ ನಿಲ್ಲಲಿಲ್ಲ; ಸರೋಜಳೂ ಬಾಯಿಗೆ ಸೆರಗಿಟ್ಟು ನಗತೊಡಗಿದಳು. ಧಾರಿಣಿಗೆ ಮಾತ್ರ ನಗು ಬರಲಿಲ್ಲ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮುದುಕಿಯ ತೆರೆದ ಅಂಗೈಯಲ್ಲಿ ಚೆಂಡು ತನ್ನಷ್ಟಕ್ಕೆ, ಮೆಲ್ಲಗೆ, ಮತ್ತೆ ಉಬ್ಬುತ್ತಿತ್ತು.