ಟ್ಯಾಂಕಿನ ಬಾಯಿಯ ಅಳತೆ

ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಹೋಗಲಿ, ಅದು ಹೋಗುವುದೇನು ಹೊಸದೇ? ಆದರೆ ಹೆರಿಗೆ ಆಸ್ಪತ್ರೆಯ ಜನರೇಟರು ಕೂಡ ನಾಲ್ಕು ಸಲ ಗೊರಗೊರ ಎಂದು ಕೈಕೊಟ್ಟಿತು. ಪೆಟ್ರೋಲು ಖಾಲಿ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಬೆಳಿಗ್ಗೆಯಷ್ಟೇ ಹುಟ್ಟಿದ, ಅಂಗೈಯಗಲದ ಕೂಸು.

“ಪೆಟ್ಟಿಗೆ ಬ್ಯಾಟರಿ ಹತ್ತು ನಿಮಿಷ ಬರುತ್ತೆ, ಅಷ್ಟೇ. ನನ್ನ ಕಾರಿಂದ ಪೆಟ್ರೋಲು ತೆಗೀರಿ!” ಎಂದು ಡಾಕ್ಟರಮ್ಮ ಅಂಗಳಕ್ಕೆ ಓಡಿಬಂದರು.

ಕಾಂಪೌಂಡರು ಗ್ಲೂಕೋಸಿನ ಪೈಪನ್ನು ಕಾರಿನ ಟ್ಯಾಂಕಿಗೆ ಇಳಿಬಿಟ್ಟು ಬಾಯಲ್ಲಿ ಎಳೆದ. ಬಾಯಿತುಂಬ ಪೆಟ್ರೋಲು ಬಂತೇ ಹೊರತು ಕ್ಯಾನಿಗೆ ತೊಟ್ಟೂ ಬೀಳಲಿಲ್ಲ. ಪಾಪ, ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂತುಬಿಟ್ಟ.

ಹನ್ನೊಂದು ವರ್ಷದಿಂದ ಆ ಕಾರು ಓಡಿಸುತ್ತಿದ್ದ ಡ್ರೈವರು ಕಂಬದ ಹಾಗೆ ನಿಂತಿದ್ದ. ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು! ವಾರಕ್ಕೊಮ್ಮೆ ಕದ್ದು ತೆಗೆದ ಕೈ ಅದು. ಈಗ ತೋರಿಸಿದರೆ ಮಾನ ಹೋಗುತ್ತದೆ, ತೋರಿಸದಿದ್ದರೆ ಕೂಸು ಹೋಗುತ್ತದೆ.

“ಏನಾದ್ರೂ ಮಾಡಪ್ಪಾ,” ಎಂದು ಕೂಸಿನ ಅಜ್ಜಿ ಅವನಿಗೆ ಕೈಮುಗಿದಳು.

ಥೂ, ಹಾಳಾಗಿ ಹೋಗಲಿ ಎಂದುಕೊಂಡು ಸೀಟಿನಡಿ ಕೈಹಾಕಿದ. ಎರಡು ಪೈಪು ಹೊರಬಂದವು, ಒಂದು ಉದ್ದ, ಒಂದು ಗಿಡ್ಡ. ಎರಡನ್ನೂ ಸುತ್ತಿ ಹೊಲಿದ ದಪ್ಪ ಬಟ್ಟೆಯ ಬಿರಡೆ. ಅಳತೆ ಕೊಟ್ಟು ಮಾಡಿಸಿದಂತೆ ಅದು ಟ್ಯಾಂಕಿನ ಬಾಯಿಗೆ ಕೂತಿತು. ಗಿಡ್ಡ ಪೈಪಿಗೆ ಎರಡು ಸಲ ಊದಿದ. ಉದ್ದ ಪೈಪಿನಿಂದ ಪೆಟ್ರೋಲು ಜುಳುಜುಳು ಕ್ಯಾನಿಗೆ ಇಳಿಯಿತು. ತುಟಿಗೆ ಒಂದು ಹನಿ ತಾಗಲಿಲ್ಲ.

ಜನರೇಟರು ಶುರುವಾಯಿತು. ಅಜ್ಜಿ ಅವನನ್ನು ದೇವರೆಂದಳು. ಕಾಂಪೌಂಡರು ಕಣ್ಣೊರೆಸಿಕೊಳ್ಳುತ್ತಲೇ, “ಅಬ್ಬಾ, ಎಷ್ಟು ಸಲೀಸಾಗಿ ಮಾಡ್ಬಿಟ್ಯಲ್ಲೋ! ಎಲ್ಲಿ ಕಲಿತೆ?” ಎಂದ.

ಡ್ರೈವರು ಪೈಪುಗಳನ್ನು ಕೆಳಗಿಟ್ಟು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಕಾರು ಪೆಟ್ರೋಲು ಕುಡಿಯುತ್ತದೆಂದು ಡಾಕ್ಟರಮ್ಮ ಹೋದ ವರ್ಷ ಎರಡು ಸಲ ಇಂಜಿನ್ ಬಿಚ್ಚಿಸಿದ್ದರು. ಕೊನೆಗೆ ಗ್ಯಾರೇಜಿನ ಮುದುಕನನ್ನು ನಾಲ್ಕು ಜನರೆದುರು ಕಳ್ಳ ಎಂದು ಬೈದಿದ್ದರು. ಆಗ ಕಾರಿನ ಬಾಗಿಲು ಹಿಡಿದು ನಿಂತು, ಹೌದಮ್ಮಾ ಹೌದು ಎಂದು ತಲೆಯಾಡಿಸಿದವನು ಇವನೇ.

ಡಾಕ್ಟರಮ್ಮ ಹೊರಗೆ ಬಂದು, ಬಟ್ಟೆಯ ಬಿರಡೆ ಎತ್ತಿಕೊಂಡು ಹೊಲಿಗೆಯನ್ನೇ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಕೂಸು ಉಳೀತು,” ಎಂದರು. “ಕರೆಂಟು ಬಂದ್ಮೇಲೆ ಕಾರು ತೆಗಿ. ಗ್ಯಾರೇಜಿಗೆ ಹೋಗ್ಬೇಕು. ಆ ಯಜಮಾನರ ಕ್ಷಮೆ ಕೇಳ್ಬೇಕು ನಾನು.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. “ನಾನೇ ಹೋಗಿ ಎಲ್ಲಾ ಹೇಳ್ತೀನಮ್ಮಾ. ನೀವು ಬರ್ಬೇಡಿ.”

“ನೀನೇನೂ ಹೇಳ್ಬೇಡ,” ಎಂದರು ಡಾಕ್ಟರಮ್ಮ. “ಅವತ್ತು ನಿಂತಿದ್ಯಲ್ಲ, ಹಾಗೇ ಬಾಗಿಲು ಹಿಡ್ಕೊಂಡು ನಿಲ್ಲು. ಸಾಕು.”